ಜುಮ್ಮನನ್ನು ಕಳಿಸಿಕೊಟ್ಟ ದಿನ

ಆ ವರ್ಷದ ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ಗೋವಿಂದನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಅವನ ತಾಯಿ ಶೇಷಮ್ಮ. ಎಂಟು ವರ್ಷದ ಮೊಮ್ಮಗಳು ಕವನಾ ಸಿನಿಮಾದಲ್ಲಿ ಪಾರ್ಟು ಮಾಡುತ್ತಿದ್ದಳು. ಚಿತ್ರೀಕರಣ ಭದ್ರಾವತಿಯಲ್ಲಿ. ಬೆಳಿಗ್ಗೆ ಕಾರು ಬಂದು ಗೇಟಿನ ಮುಂದೆ ಹಾರನ್ ಹೊಡೆಯುವ ಹೊತ್ತಿಗೆ ಹುಡುಗಿಗೆ ತಲೆ ಬಾಚಿ, ತಿಂಡಿ ತಿನ್ನಿಸಿ, ಮಧ್ಯಾಹ್ನದ ಡಬ್ಬಿಯನ್ನೂ ಕಟ್ಟಿ ಮುಗಿಸಿರುತ್ತಿದ್ದರು.

“ಊಟ ಅಲ್ಲೇ ಕೊಡ್ತಾರೆ ಅತ್ತೆ. ನೀವ್ಯಾಕೆ ಇಷ್ಟು ಬೇಗ ಎದ್ದು ಒದ್ದಾಡ್ತೀರ?” ಎಂದಳು ಸೊಸೆ ಸೀತಾಲಕ್ಷ್ಮಿ.

“ಅಲ್ಲಿನ ಊಟ ನೀವು ಗಂಡ ಹೆಂಡ್ತಿ ಮಾಡಿ. ಅವಳಿಗೆ ಅಷ್ಟು ಖಾರ ಆಗಲ್ಲ.”

“ಅಜ್ಜಿ, ಜುಮ್ಮಂಗೆ?” ಎಂದು ಕವನಾ ನೆನಪಿಸಿದಳು.

“ಮೇಲಿನ ಡಬ್ಬೀಲಿ ನಿಂದು. ಕೆಳಗಿನದ್ರಲ್ಲಿ ನಿನ್ನ ಜುಮ್ಮಂದು. ಅದು ಚಿತ್ರಾನ್ನ ತಿನ್ನುತ್ತೋ ಇಲ್ವೋ ಕೇಳ್ಕೊಂಡು ಬಾ.”

ಜುಮ್ಮ ಆ ಸಿನಿಮಾದ ಮಾಯದ ಮರಿ. ಕರುವಿನಷ್ಟು ದೊಡ್ಡದು, ಮೈತುಂಬ ಕಂದು ಕೂದಲು, ಬಾಳೆಹೂವಿನ ಎಸಳಿನಂಥ ಕಿವಿ. ಸಂತೋಷವಾದರೆ ಅದರ ಎದೆಯೊಳಗೆ ಒಂದು ದೀಪ ಹತ್ತಿಕೊಳ್ಳುತ್ತಿತ್ತು. ಪ್ರವಾಹದಲ್ಲಿ ಕೊಚ್ಚಿಕೊಂಡು ಬಂದ ಅದನ್ನು ಒಬ್ಬ ಹುಡುಗಿ ಮನೆಯ ಅಟ್ಟದಲ್ಲಿ ಬಚ್ಚಿಟ್ಟು ಸಾಕುತ್ತಾಳೆ, ಕೊನೆಗೆ ಅದರ ಲೋಕಕ್ಕೆ ಕಳಿಸಿಕೊಡುತ್ತಾಳೆ ಎಂಬುದು ಕಥೆ. ಜುಮ್ಮನ ಚರ್ಮ ಹೊಲಿದವಳು ಭದ್ರಾವತಿಯಲ್ಲೇ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ರೂಹಿ. ಹೊಲಿದ ಮೇಲೆ ಅದನ್ನು ಆಡಿಸುವುದೂ ಅವಳಿಗೇ ಚೆನ್ನಾಗಿ ಬಂದಿತು. ಜುಮ್ಮ ನಿಲ್ಲುವ ಹಲಗೆಯ ಕೆಳಗೆ ಅಂಗಾತ ಮಲಗಿ, ಬಲಗೈಯನ್ನು ಅದರ ತಲೆಯೊಳಗೆ ತೂರಿಸಿ, ಗಂಟಲಲ್ಲಿ ಜುಂ ಜುಂ ಎಂದು ಸದ್ದು ಮಾಡುತ್ತಿದ್ದಳು. ಕವನಾಳಿಗೆ ಒಳಗೆ ರೂಹಿ ಅಕ್ಕ ಇರುವುದು ಗೊತ್ತು. ಆದರೂ ಬಿಡುವು ಸಿಕ್ಕಾಗೆಲ್ಲ ಜುಮ್ಮನ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಳು. ಕೆಳಗಿನ ಡಬ್ಬಿಯ ಊಟ ರೂಹಿಗೆ ಸೇರುತ್ತಿತ್ತು.

“ನಿಮ್ಮಜ್ಜಿಗೆ ಹೇಳು ಪುಟ್ಟಿ, ಜುಮ್ಮ ಡಬ್ಬಿ ನೆಕ್ಕಿ ಇಟ್ಟಿದೆ ಅಂತ,” ಎನ್ನುತ್ತಿದ್ದಳು ರೂಹಿ.

ಅದೆಲ್ಲ ಸಂಜೆ ಹಾಗೇ ಶೇಷಮ್ಮನಿಗೆ ವರದಿಯಾಗುತ್ತಿತ್ತು. ಒಂಬತ್ತನೇ ತರಗತಿ ಮುಗಿಸಿ ಮನೆಯಲ್ಲಿದ್ದ ಅಣ್ಣ ವಿಷ್ಣುವಿಗೆ ಕೇಳಿ ಕೇಳಿ ಸಾಕಾಗಿತ್ತು.

“ಅದು ಗೊಂಬೆ ಕಣೇ. ಗೊಂಬೆ ಚಿತ್ರಾನ್ನ ತಿನ್ನುತ್ತಾ?”

“ಗೊಂಬೆ ಅಂತ ನಂಗೂ ಗೊತ್ತು. ನೀನು ಸುಮ್ನಿರು.”

ಎಲ್ಲರಿಗಿಂತ ಉಮೇದು ಗೋವಿಂದನದು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಅವನು ಮದುವೆಗೆ ಮುಂಚೆ ಶಿವಮೊಗ್ಗದ ಹವ್ಯಾಸಿ ತಂಡವೊಂದರಲ್ಲಿ ನಾಟಕ ಆಡುತ್ತಿದ್ದ. ಜನ ಅವನ ಪಾತ್ರ ನೋಡಿ ಕಣ್ಣೊರೆಸಿಕೊಂಡದ್ದಿತ್ತು. ಕೆಲಸ, ಸಂಸಾರ ಎಂದು ಅದು ನಿಂತೇಹೋಗಿತ್ತು. ಈಗ ಇದ್ದಬದ್ದ ರಜೆಯನ್ನೆಲ್ಲ ಹಾಕಿ ಮಗಳ ಜೊತೆ ಹೋಗುತ್ತಿದ್ದ. ನಿರ್ದೇಶಕ ಆನಂದ್ ಅವನನ್ನು ‘ರಂಗಭೂಮಿಯವರು’ ಎಂದು ಬೇರೆಯವರಿಗೆ ಪರಿಚಯಿಸಿದ ದಿನ ಗೋವಿಂದ ಮನೆಗೆ ಬಂದು ಅದನ್ನು ಎರಡು ಸಲ ಹೇಳಿದ.

ಜುಮ್ಮನನ್ನು ಕಳಿಸಿಕೊಡುವ ದೃಶ್ಯ ಭದ್ರಾ ಹೊಳೆಯ ದಂಡೆಯ ಮೇಲೆ ಇತ್ತು. ಸಣ್ಣ ತೆಪ್ಪಕ್ಕೆ ಕಟ್ಟಿದ್ದ ಜುಮ್ಮ ನೀರಿನಲ್ಲಿ ಮುಂದೆ ಮುಂದೆ ಹೋಗಬೇಕು, ದಂಡೆಯಲ್ಲಿ ನಿಂತ ಹುಡುಗಿ ಅಳಬೇಕು. ಮಧ್ಯಾಹ್ನದಿಂದ ಪ್ರಯತ್ನ ಪಟ್ಟರೂ ಕವನಾಳಿಗೆ ಅಳು ಬರಲಿಲ್ಲ.

“ಜುಮ್ಮ ಹೋಗ್ತಿದೆ ಪುಟ್ಟ. ಇನ್ನು ಯಾವತ್ತೂ ವಾಪಸ್ ಬರಲ್ಲ,” ಎಂದ ಆನಂದ್.

“ಎಲ್ಲಿಗೆ ಹೋಗುತ್ತೆ? ರೂಹಿ ಅಕ್ಕನ ಅಂಗಡೀಲಿ ಪೆಟ್ಟಿಗೆ ಒಳಗೆ ಇರುತ್ತೆ. ಅಕ್ಕನೇ ಹೇಳಿದಾರೆ.”

ಸುತ್ತ ಇದ್ದವರೆಲ್ಲ ನಕ್ಕರು. ಆನಂದ್ ನಗಲಿಲ್ಲ. ಗ್ಲಿಸರಿನ್ ಹಾಕಿಸಿ ನೋಡಿದ. ಕಣ್ಣಲ್ಲಿ ನೀರು ಬಂತು, ಮುಖದಲ್ಲಿ ಅಳು ಬರಲಿಲ್ಲ. ಹುಡುಗಿ ಕಣ್ಣುರಿ ಎಂದು ಮುಖ ಕಿವುಚಿದಳು. ಬಿಸಿಲು ಇಳಿಯುತ್ತ ಬಂದಿತ್ತು. ಆನಂದ್ ಗೋವಿಂದನನ್ನು ಪಕ್ಕಕ್ಕೆ ಕರೆದ.

“ಸರ್, ಬೆಳಕು ಹೋದ್ರೆ ಈ ಸೀನ್ ಹೋದಂಗೆ. ನಾಳೆ ನಾವು ಇಲ್ಲಿರಲ್ಲ. ಮಗು ಮನಸ್ಸಿಗೆ ತಟ್ಟೋ ಹಾಗೆ ಏನಾದ್ರೂ ಹೇಳಿ. ಆಮೇಲೆ ಸಮಾಧಾನ ಮಾಡಿದ್ರಾಯ್ತು. ನೀವು ನಾಟಕದೋರು, ನಿಮಗೆ ನಾನು ಹೇಳ್ಬೇಕಾ?”

ಏನು ಹೇಳಬೇಕೆಂದು ಅವನು ಹೇಳಲಿಲ್ಲ. ಅದನ್ನು ಯೋಚಿಸಿದವನು ಗೋವಿಂದನೇ.

ಅವನು ಹೆಂಡತಿಯ ಹತ್ತಿರ ಹೋದ. “ಸೀತಾ, ನಿನ್ನ ಫೋನ್ ಆಫ್ ಮಾಡು.”

“ಯಾಕ್ರೀ?”

ಕಾರಣ ಕೇಳಿ ಅವಳ ಮುಖ ಸಣ್ಣಗಾಯಿತು. “ಬೇಡ ರೀ. ಬೇರೆ ಏನಾದ್ರೂ ಹೇಳಿ. ಅತ್ತೆ ಹೆಸರು ಎತ್ತಬೇಡಿ.”

“ಐದು ನಿಮಿಷ ಅಷ್ಟೇ. ಇಷ್ಟು ದಿನ ಪಟ್ಟ ಕಷ್ಟ ಎಲ್ಲ ಇದೊಂದು ಸೀನಿಗೆ ನೀರಲ್ಲಿ ಹೋಗ್ಬೇಕಾ?”

ಸೀತಾಲಕ್ಷ್ಮಿ ಫೋನನ್ನು ಆಫ್ ಮಾಡಿ ಬ್ಯಾಗಿಗೆ ಹಾಕಿದಳು.

ಗೋವಿಂದ ಮಗಳ ಎದುರು ಮರಳಿನಲ್ಲಿ ಮಂಡಿಯೂರಿದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ತೆಗೆದ. ಅವನ ಕಣ್ಣು ತುಂಬಿತ್ತು.

“ಕವನಾ, ಮನೆಯಿಂದ ಫೋನ್ ಬಂದಿತ್ತು. ಅಜ್ಜಿ ಬಚ್ಚಲಲ್ಲಿ ಬಿದ್ಬಿಟ್ರಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗೋ ಅಷ್ಟರಲ್ಲಿ...” ಅಲ್ಲಿಗೆ ಮಾತು ನಿಲ್ಲಿಸಿದ.

“ಹೋಗೋ ಅಷ್ಟರಲ್ಲಿ?”

“ಅಜ್ಜಿ ಹೋಗ್ಬಿಟ್ರು ಪುಟ್ಟಿ.”

ಕವನಾ ಕೂಡಲೇ ಅಳಲಿಲ್ಲ. ತಾಯಿಯ ಕಡೆ ತಿರುಗಿ ನೋಡಿದಳು. ಸೀತಾಲಕ್ಷ್ಮಿ ನೀರಿನ ಕಡೆ ನೋಡುತ್ತಿದ್ದಳು. ಆಮೇಲೆ ಆ ಪುಟ್ಟ ಮೈಯಿಂದ ಹೊರಟ ಕೂಗಿಗೆ ದಂಡೆಯ ಮೇಲಿದ್ದವರೆಲ್ಲ ಸುಮ್ಮನಾದರು. ಕ್ಯಾಮೆರಾ ಓಡುತ್ತಿತ್ತು. ದಂಡೆಯಲ್ಲೇ ನಿಲ್ಲಬೇಕಾದ ಹುಡುಗಿ ನೀರಿಗೆ ಓಡಿಹೋಗಿ ಜುಮ್ಮನ ಕುತ್ತಿಗೆಗೆ ಜೋತುಬಿದ್ದಳು.

“ಜುಮ್ಮ, ಅಜ್ಜಿನ ವಾಪಸ್ ಕರ್ಕೊಂಡು ಬಾ. ನಿಂಗೆ ಮಾಯ ಗೊತ್ತಲ್ಲ? ಕರ್ಕೊಂಡು ಬಾ ಜುಮ್ಮ, ನಮ್ಮಜ್ಜಿನ ಕರ್ಕೊಂಡು ಬಾ.”

ತೆಪ್ಪದ ಮರೆಯಲ್ಲಿ ಮಲಗಿದ್ದ ರೂಹಿಗೆ ‘ಮಗುಗೆ ಒಂದು ಸುಳ್ಳು ಹೇಳಿ ಅಳಿಸ್ತಾರೆ, ಅದು ಏನೇ ಮಾಡಿದ್ರೂ ನೀನು ಆಡಿಸೋದು ನಿಲ್ಲಿಸಬೇಡ’ ಎಂದು ಮೊದಲೇ ಹೇಳಿದ್ದರು. ಅವಳು ನಿಲ್ಲಿಸಲಿಲ್ಲ. ಜುಮ್ಮ ಮೂತಿಯಿಂದ ಹುಡುಗಿಯ ಕೆನ್ನೆ ಒರೆಸಿತು. ಅದರ ಎದೆಯ ದೀಪ ನಿಧಾನವಾಗಿ ಹತ್ತಿ, ನಿಧಾನವಾಗಿ ಆರಿತು.

“ಕಟ್! ಅದ್ಭುತ!” ಎಂದ ಆನಂದ್. “ಇನ್ನೊಂದು, ಹತ್ತಿರದಿಂದ. ಬೇಗ, ಬೇಗ.”

ಸೀತಾಲಕ್ಷ್ಮಿ ಗಂಡನ ತೋಳು ಹಿಡಿದಳು. “ಸಾಕು. ಈಗ ಹೇಳಿಬಿಡಿ.”

ಗೋವಿಂದ ಆನಂದನನ್ನು ನೋಡಿದ. ಆನಂದ್ ಆಕಾಶ ನೋಡುತ್ತಿದ್ದ. “ಇನ್ನೊಂದೇ ಒಂದು ಸರ್,” ಎಂದ.

ಕ್ಯಾಮೆರಾ ಎತ್ತಿ ನೀರಿನ ಹತ್ತಿರ ಇಡಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಕವನಾ ಅಪ್ಪನ ತೊಡೆಯ ಮೇಲೆ ಕೂತು ಬಿಕ್ಕುತ್ತಿದ್ದಳು. “ಅಜ್ಜಿಗೆ ನೋವಾಯ್ತಾ ಅಪ್ಪ?” ಎಂದು ಕೇಳಿದಳು. “ಇಲ್ಲ ಪುಟ್ಟಿ,” ಎಂದು ಗೋವಿಂದ ಅವಳ ಬೆನ್ನು ಸವರಿದ. ಮೊದಲು ಹೇಳಿದ ಸುಳ್ಳಿಗಿಂತ ಹೆಚ್ಚಾಗಿ, ಈ ಬೆನ್ನು ಸವರಿದ್ದು ಮುಂದೆ ಎಷ್ಟೋ ದಿನ ಅವನನ್ನು ಕಾಡಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ.

ಎರಡನೆಯ ಶಾಟ್ ಮುಗಿದ ಕೂಡಲೇ ಅವನು ಮಗಳನ್ನು ಎತ್ತಿಕೊಂಡು ಜೋರಾಗಿ ನಕ್ಕ. “ಅಜ್ಜಿಗೆ ಏನೂ ಆಗಿಲ್ಲ ಕಣೇ! ಸುಮ್ನೆ ಹೇಳಿದ್ದು, ಆಕ್ಟಿಂಗಿಗೆ! ಅಜ್ಜಿ ಮನೇಲಿ ಆರಾಮಾಗಿದಾರೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಚಾಕಲೇಟ್ ತಂದುಕೊಟ್ಟರು. ಕವನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಮರಳಿನ ಮೇಲೆ ಮಧ್ಯಾಹ್ನದ ಚಿತ್ರಾನ್ನವನ್ನೆಲ್ಲ ವಾಂತಿ ಮಾಡಿಕೊಂಡಳು.

ಸೀತಾಲಕ್ಷ್ಮಿ ಫೋನ್ ಆನ್ ಮಾಡಿ, ಮನೆಗೆ ಕರೆ ಮಾಡಿ ಮಗಳ ಕಿವಿಗೆ ಹಿಡಿದಳು.

“ಎಷ್ಟು ಸಲ ಮಾಡೋದು? ಫೋನ್ ಯಾಕೆ ಆಫ್ ಮಾಡಿದ್ರಿ?” ಎಂದರು ಶೇಷಮ್ಮ ಆ ಕಡೆಯಿಂದ.

“ಅಜ್ಜಿ, ನೀನೇನಾ?”

“ನಾನಲ್ದೆ ಇನ್ಯಾರೇ ಮಾರಾಯ್ತಿ? ರಾತ್ರಿಗೆ ಮೆಣಸಿನ ಸಾರು ಸಾಕಾ ಅಂತ ಅಮ್ಮನ್ನ ಕೇಳು.”

ಜುಮ್ಮನನ್ನು ದಂಡೆಗೆ ತಂದು ಟಾರ್ಪಾಲಿನ ಮೇಲೆ ಇಟ್ಟಿದ್ದರು. ರೂಹಿ ಒದ್ದೆ ಬಟ್ಟೆಯಲ್ಲೇ ಕೂತು ಅದರ ತಲೆಯೊಳಗಿನ ನೀರು ಹಿಂಡುತ್ತಿದ್ದಳು. ಕವನಾ ಹತ್ತಿರ ಬಂದು ನಿಂತಳು. ರೂಹಿಯನ್ನಲ್ಲ, ಜುಮ್ಮನನ್ನು ಕೇಳಿದಳು.

“ನಿಂಗೂ ಗೊತ್ತಿತ್ತಾ?”

ರೂಹಿ ಕೈಯನ್ನು ಹೊರಗೆ ಎಳೆದುಕೊಂಡಳು. ಜುಮ್ಮನ ತಲೆ ಖಾಲಿ ಚೀಲದ ಹಾಗೆ ಕುಸಿಯಿತು.

ಉಳಿದ ದಿನಗಳ ಚಿತ್ರೀಕರಣಕ್ಕೆ ಕವನಾ ಹೋದಳು. ಹೇಳಿದ ಮಾತು ಹೇಳಿದಳು, ನಿಲ್ಲು ಎಂದಲ್ಲಿ ನಿಂತಳು. ಜುಮ್ಮನ ಹತ್ತಿರ ಮಾತ್ರ ಕೆಲಸವಿಲ್ಲದಾಗ ಹೋಗಲಿಲ್ಲ. ಕೆಳಗಿನ ಡಬ್ಬಿಯ ಊಟ ಹಾಗೇ ವಾಪಸ್ ಬರತೊಡಗಿತು.

“ಜುಮ್ಮಂಗೆ ಹೊಟ್ಟೆ ಸರಿ ಇಲ್ವೇನೇ?” ಎಂದು ಶೇಷಮ್ಮ ತಮಾಷೆ ಮಾಡಿದರು.

“ಅದು ಗೊಂಬೆ ಅಜ್ಜಿ,” ಎಂದಳು ಕವನಾ.

ಮೇ ತಿಂಗಳಲ್ಲಿ ಶೇಷಮ್ಮನಿಗೆ ಹೊಸದೊಂದು ಕಾಟ ಶುರುವಾಯಿತು. ಅವರು ಸ್ನಾನಕ್ಕೆ ಹೋದರೆ ಮೊಮ್ಮಗಳು ಬಚ್ಚಲ ಬಾಗಿಲ ಹೊರಗೆ ಬಂದು ಕೂರುತ್ತಿದ್ದಳು. ಒಳಗೆ ಚೊಂಬಿನ ಸದ್ದು ಸ್ವಲ್ಪ ನಿಂತರೆ ಸಾಕು, ಬಾಗಿಲು ಬಡಿಯುತ್ತಿದ್ದಳು.

“ಅಜ್ಜಿ, ಚಿಲಕ ಹಾಕ್ಬೇಡ.”

“ಚಿಲಕ ಹಾಕ್ದೆ ಸ್ನಾನ ಮಾಡೋದು ಹೆಂಗೆ? ಮನೇಲಿ ಗಂಡುಮಕ್ಕಳು ಓಡಾಡ್ತಾರೆ.”

“ನಾನು ಇಲ್ಲೇ ಕಾಯ್ತೀನಿ. ಹಾಕ್ಬೇಡ ಅಜ್ಜಿ.”

ರಾತ್ರಿ ಅಜ್ಜಿಯ ಹಾಸಿಗೆಯೇ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು. ಶೇಷಮ್ಮ ಸೊಸೆಯನ್ನು ಕೇಳಿದರು, “ಇವಳಿಗೆ ಏನಾಗಿದೆ ಸೀತಾ? ಎಂಥಾದ್ರೂ ನೋಡಿ ಹೆದರಿದಾಳಾ?”

ಸೀತಾಲಕ್ಷ್ಮಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. “ಶೂಟಿಂಗ್ ಸುಸ್ತು ಅತ್ತೆ. ಸ್ಕೂಲ್ ಶುರುವಾದ್ರೆ ಸರಿಹೋಗ್ತಾಳೆ.”

ಶಾಲೆ ಶುರುವಾಗುವ ಮುಂಚೆಯೇ ಒಂದು ದಿನ ರೂಹಿ ಬಂದಳು. ಶಿವಮೊಗ್ಗಕ್ಕೆ ಗುಂಡಿ, ಲೈನಿಂಗ್ ಬಟ್ಟೆ ತರಲು ಬಂದಿದ್ದವಳು ವಿಳಾಸ ಕೇಳಿಕೊಂಡು ರಾಗಿಗುಡ್ಡದವರೆಗೂ ಬಂದಿದ್ದಳು. ಕೈಯಲ್ಲಿ ತೊಳೆದು ಒರೆಸಿದ ಸ್ಟೀಲ್ ಡಬ್ಬಿ. ಮನೆಯಲ್ಲಿ ಶೇಷಮ್ಮ ಒಬ್ಬರೇ ಇದ್ದರು. ಕವನಾಳನ್ನು ಸೀತಾಲಕ್ಷ್ಮಿ ಯೂನಿಫಾರ್ಮ್ ಅಳತೆ ಕೊಡಲು ಕರೆದುಕೊಂಡು ಹೋಗಿದ್ದಳು.

“ನಾನು ರೂಹಿ ಅಂತ ಅಜ್ಜಿ. ಜುಮ್ಮನ್ನ ಆಡಿಸ್ತಿದ್ದೋಳು. ಹೊಳೆ ಹತ್ರ ಶೂಟಿಂಗ್ ಆದ ದಿನ ನಿಮ್ಮದೊಂದು ಡಬ್ಬಿ ನನ್ ಹತ್ರಾನೇ ಉಳ್ಕೊಂಡಿತ್ತು.”

“ಅಯ್ಯೋ, ನೀನೇ ಏನು ಜುಮ್ಮ! ಬಾ, ಒಳಗೆ ಬಾ. ಕಾಫಿ ಕುಡೀತೀಯ ತಾನೆ?”

ಕಾಫಿಯ ಜೊತೆ ಕೋಡುಬಳೆ ಬಂತು. ರೂಹಿ ಒಂದನ್ನೂ ಮುರಿಯಲಿಲ್ಲ.

“ಕವನಾ ಹೆಂಗಿದಾಳೆ ಅಜ್ಜಿ?”

“ಏನು ಹೇಳ್ಲಿ? ಬಲವಂತ ಮಾಡಿ ಕಳಿಸ್ದೆ ಇದ್ರೆ ನನ್ನ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲ್ಲ. ಬಚ್ಚಲಿಗೆ ಹೋದ್ರೂ ಬಾಗಿಲಲ್ಲಿ ಕೂರ್ತಾಳೆ.”

ರೂಹಿಯ ಕಣ್ಣಲ್ಲಿ ನೀರು ತುಂಬಿತು. “ಅವತ್ತು ನಾನು ಬಾಯಿ ಬಿಟ್ಟು ಹೇಳ್ಬೇಕಿತ್ತು ಅಜ್ಜಿ. ನನ್ನ ಕೈ ತಬ್ಬಿಕೊಂಡೇ ಮಗು ಅಷ್ಟು ಅತ್ತಿದ್ದು. ‘ಸುಳ್ಳು ಪುಟ್ಟಿ’ ಅಂತ ಜುಮ್ಮನ ಬಾಯಲ್ಲೇ ಹೇಳಿದ್ರೂ ಆಗ್ತಿತ್ತು. ಕೆಲಸ ಹೋದೀತು ಅಂತ ಸುಮ್ನಿದ್ದೆ. ನೀವು ದೊಡ್ಡೋರು, ಮಾಫ್ ಮಾಡಿ.”

“ಎಂಥ ಸುಳ್ಳು?” ಎಂದರು ಶೇಷಮ್ಮ.

ಆಗಲೇ ರೂಹಿಗೆ ಗೊತ್ತಾದದ್ದು, ಈ ಮನೆಯಲ್ಲಿ ಯಾರೂ ಅಜ್ಜಿಗೆ ಹೇಳಿಲ್ಲವೆಂದು. ಅವಳು ಎದ್ದು ನಿಂತಳು. ಶೇಷಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಪೂರ್ತಿ ಹೇಳಿಸಿಕೊಂಡ ಮೇಲೆಯೇ ಬಿಟ್ಟರು. ಹೋಗುವಾಗ ಕೋಡುಬಳೆಯನ್ನು ಅದೇ ಡಬ್ಬಿಗೆ ತುಂಬಿ ಕೈಯಲ್ಲಿಟ್ಟರು. “ನೀನು ಬಂದು ಹೇಳಿದ್ಯಲ್ಲ. ಅಷ್ಟಾದ್ರೂ ಮಾಡಿದೆ,” ಎಂದರು.

ಆ ಭಾನುವಾರ ಬದನೆಕಾಯಿ ಹುಳಿ ಮಾಡಿದ್ದರು, ಗೋವಿಂದನಿಗೆ ಇಷ್ಟವೆಂದು. ಕವನಾಳನ್ನು ಪಕ್ಕದ ಮನೆಗೆ ಆಡಲು ಕಳಿಸಿದ್ದರು. ಶೇಷಮ್ಮ ಮಗನ ತಟ್ಟೆಗೆ ಎರಡನೇ ಸಲ ಹುಳಿ ಬಡಿಸಿ, ಸೌಟು ಪಾತ್ರೆಯಲ್ಲಿಟ್ಟು, ಎದುರಿಗೆ ಕೂತರು.

“ನಾನು ಹೇಗೆ ಸತ್ತೆ ಗೋವಿಂದ?”

ಅವನ ಕೈ ತಟ್ಟೆಯಲ್ಲೇ ನಿಂತಿತು. “ಯಾರಮ್ಮ ಹೇಳಿದ್ದು?”

“ಸತ್ತೋಳು ನಾನು. ನಂಗೆ ತಿಳೀಬಾರದಾ? ಬಚ್ಚಲಲ್ಲಿ ಬಿದ್ದೆ ಅಂದ್ಯಂತೆ.”

“ಅಮ್ಮ, ಅದು ಸೀನಿಗೆ... ಹೊತ್ತು ಹೋಗ್ತಿತ್ತು, ಮಗು ಅಳ್ತಾ ಇರ್ಲಿಲ್ಲ...”

“ನೀನೂ ಕಣ್ಣೀರು ಹಾಕಿದ್ಯಂತೆ. ನಿಮ್ಮಪ್ಪ ಹೋದಾಗ ಒಂದು ಹನಿ ಬರ್ಲಿಲ್ಲ ನಿಂಗೆ. ಹುಡುಗ ಗಟ್ಟಿ ಇದಾನೆ ಅಂದ್ಕೊಂಡಿದ್ದೆ.”

ಗೋವಿಂದ ತಲೆ ತಗ್ಗಿಸಿದ. ಸೀತಾಲಕ್ಷ್ಮಿ ಮೆಲ್ಲಗೆ, “ತಪ್ಪಾಯ್ತು ಅತ್ತೆ,” ಎಂದಳು.

“ನೀನು ಅಲ್ಲಿರ್ಲಿಲ್ವಾ?”

“ಇದ್ದೆ. ಫೋನ್ ಆಫ್ ಮಾಡಿದ್ದು ನಾನೇ.”

“ನೀನು ಬೇಡ ಅಂದ್ಯಲ್ಲ ಸೀತಾ. ಒತ್ತಾಯ ಮಾಡಿದ್ದು ನಾನು,” ಎಂದ ಗೋವಿಂದ.

“ಬೇಡ ಅಂದೆ. ಅಂದು ಆಫ್ ಮಾಡಿದೆ. ಅದರಿಂದ ಏನು ಬಂತು?” ಸೀತಾಲಕ್ಷ್ಮಿಯ ದನಿ ಏರಿತು. “ಅವಳು ನನ್ನ ಮುಖ ನೋಡಿದ್ಳು ರೀ. ಮೊದ್ಲು ನನ್ನ ಮುಖ ನೋಡಿದ್ಳು. ನಾನು ಆ ಕಡೆ ತಿರುಗಿಕೊಂಡೆ.”

ಶೇಷಮ್ಮ ನೆಲದ ಮೇಲೆ ಬಿದ್ದಿದ್ದ ಅಗುಳು ಆಯ್ದು ತಟ್ಟೆಯ ಅಂಚಿಗೆ ಹಾಕಿದರು.

“ನನ್ನ ಸಾಯಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ. ವಯಸ್ಸಾಗಿದೆ. ಇವತ್ತಲ್ಲ ನಾಳೆ ಆ ಸುದ್ದಿ ಅವಳಿಗೆ ಹೇಳ್ಲೇಬೇಕು. ಅವತ್ತು ಪಕ್ಕದಲ್ಲಿ ಕೂತು, ಹೀಗಾಯ್ತು ಮಗಳೇ, ನಾನಿದೀನಿ ಅಂತ ಹೇಳ್ಬೇಕಾದೋನು ನೀನು. ಇನ್ನು ನೀನು ಹೇಳಿದ್ರೆ ಅವಳು ಕೇಳ್ತಾಳಾ?”

ಮಜ್ಜಿಗೆ ಕಲಸುತ್ತಿದ್ದ ವಿಷ್ಣು ಅಪ್ಪನ ಕಡೆ ನೋಡಿ ಹೇಳಿದ, “ಈಗಲೇ ಕೇಳಲ್ಲ ಅಜ್ಜಿ. ಅಪ್ಪ ಹೇಳಿದ್ದನ್ನೆಲ್ಲ ಬಂದು ನನ್ನ ಕೇಳ್ತಾಳೆ.”

ಅದು ನಿಜವಾಗಿತ್ತು. ಜುಲೈನಲ್ಲಿ ಮಳೆ ಜೋರಾಗಿ, “ನಾಳೆ ಡಿಸಿ ರಜೆ ಕೊಟ್ಟಿದಾರೆ, ಸ್ಕೂಲಿಲ್ಲ,” ಎಂದು ಗೋವಿಂದ ಹೇಳಿದರೆ ಕವನಾ ಸರಿ ಎಂದು ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಒಳಗಿನಿಂದ “ಹೌದಾ ಅಣ್ಣ?” ಎಂಬ ಸಣ್ಣ ದನಿ ಕೇಳುತ್ತಿತ್ತು. ‘ಮೊಸರು ಹುಳಿಯಾಗಿದೆ’ ಎಂದರೆ ಬೆರಳಿಂದ ಮುಟ್ಟಿ ನೆಕ್ಕಿ ನೋಡುತ್ತಿದ್ದಳು. ಜಗಳವಿಲ್ಲ, ಸಿಟ್ಟಿಲ್ಲ. ಅಪ್ಪನ ಬೈಕಿನಲ್ಲೇ ಶಾಲೆಗೆ ಹೋಗುತ್ತಿದ್ದಳು, ಇಳಿದ ಮೇಲೆ ಟಾಟಾ ಮಾಡುತ್ತಿದ್ದಳು. ನಂಬುವುದನ್ನು ಮಾತ್ರ ಬಿಟ್ಟಿದ್ದಳು.

ಒಂದು ಸಂಜೆ ಗೋವಿಂದ ಅವಳನ್ನು ಐಸ್‌ಕ್ರೀಮ್ ಅಂಗಡಿಗೆ ಕರೆದೊಯ್ದ. ಎದುರಿಗೆ ಕೂರಿಸಿಕೊಂಡು ಹೇಳಿದ, “ಅವತ್ತು ಅಪ್ಪಂದು ದೊಡ್ಡ ತಪ್ಪಾಯ್ತು ಪುಟ್ಟಿ. ಹಾಗೆ ಹೇಳ್ಬಾರದಿತ್ತು.”

“ಪರವಾಗಿಲ್ಲಪ್ಪ,” ಎಂದಳು ಕವನಾ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. “ಇದು ಕರಗ್ತಿದೆ, ತಿನ್ಲಾ?”

ಮನೆಯಲ್ಲಿ ಶೇಷಮ್ಮ ಸ್ನಾನಕ್ಕೆ ಚಿಲಕ ಹಾಕುವುದನ್ನು ಬಿಟ್ಟರು. ಬಾಗಿಲು ಒರಗಿಸಿ, ಒಳಗಿನಿಂದ ಏನಾದರೂ ಹಾಡು ಹೇಳುತ್ತಲೇ ಇರುತ್ತಿದ್ದರು. ಅವರು ಸ್ನಾನ ಮುಗಿಸುವವರೆಗೆ ಗೋವಿಂದ ಮತ್ತು ವಿಷ್ಣು ಅಂಗಳದಲ್ಲಿ ನಿಲ್ಲುತ್ತಿದ್ದರು. ಮಳೆಯಿದ್ದರೆ ಕೊಡೆ ಹಿಡಿದು ನಿಲ್ಲುತ್ತಿದ್ದರು.

ಸಿನಿಮಾ ಬಿಡುಗಡೆಯಾದದ್ದು ಚಳಿಗಾಲದಲ್ಲಿ. ಶಿವಮೊಗ್ಗದಲ್ಲಿ ದಿನಕ್ಕೆ ಒಂದು ಆಟ ಹಾಕಿದ್ದರು. ಶಾಲೆಯಲ್ಲಿ ಕವನಾಳಿಗೆ ಹಾರ ಹಾಕಿದರು, ಬೀದಿಯವರು ಮನೆಗೆ ಬಂದು ಮಾತಾಡಿಸಿದರು. ಗೋವಿಂದನಿಗೆ ನೋಡಲು ಹೋಗುವ ಮನಸ್ಸಿರಲಿಲ್ಲ. ಹೊರಡಿಸಿದವರು ಶೇಷಮ್ಮ.

“ಎಲ್ಲರೂ ನೋಡ್ತಾರೆ. ನಾನೂ ನೋಡ್ಬೇಕು.”

“ಅಮ್ಮ, ಅದೊಂದು ಸೀನು...”

“ಅದನ್ನೇ ನೋಡ್ಬೇಕು.”

ಐವರೂ ಒಂದೇ ಸಾಲಿನಲ್ಲಿ ಕೂತರು. ಕವನಾ ಅಜ್ಜಿಯ ಪಕ್ಕ. ಜುಮ್ಮ ತೆರೆಯ ಮೇಲೆ ನಿಜವಾಗಿ ಬದುಕಿದ್ದ ಹಾಗಿತ್ತು. ಅದು ಅಟ್ಟದಲ್ಲಿ ಬೆಲ್ಲದ ಡಬ್ಬಿ ಉರುಳಿಸಿದಾಗ ಮಕ್ಕಳೆಲ್ಲ ಕೇಕೆ ಹಾಕಿದರು. ಕವನಾ ಕೂಡ ಎರಡು ಕಡೆ ನಕ್ಕಳು. ಆಮೇಲೆ ಹೊಳೆ ಬಂತು.

ತೆರೆಯ ಮೇಲಿನ ಹುಡುಗಿ ನೀರಿಗೆ ಓಡಿದಳು. ಜುಮ್ಮನ ಕುತ್ತಿಗೆ ತಬ್ಬಿದಳು. “ಹೋಗ್ಬೇಡ ಜುಮ್ಮ, ನನ್ನ ಬಿಟ್ಟು ಹೋಗ್ಬೇಡ,” ಎಂದು ಕೇಳಿಸಿತು. ಆ ಮಾತನ್ನು ಆಮೇಲೆ ಬೆಂಗಳೂರಿನಲ್ಲಿ ಕವನಾಳಿಂದಲೇ ಹೇಳಿಸಿ ಸೇರಿಸಿದ್ದರು. ಆದರೆ ಮುಖ ಅಷ್ಟು ಹತ್ತಿರದಲ್ಲಿತ್ತು. ತುಟಿ ಆಡುತ್ತಿದ್ದದ್ದು ಬೇರೆ ಮಾತಿಗೆ. ಶೇಷಮ್ಮ ಕನ್ನಡಕ ಸರಿಮಾಡಿಕೊಂಡು ಆ ತುಟಿಗಳನ್ನೇ ನೋಡಿದರು. ಅಜ್ಜಿ, ಅಜ್ಜಿ ಎಂದು ಅವು ಕರೆಯುತ್ತಿದ್ದವು.

ಸುತ್ತ ಮೂಗು ಒರೆಸಿಕೊಳ್ಳುವ ಸದ್ದು. ಮುಂದಿನ ಸಾಲಿನ ಹೆಂಗಸೊಬ್ಬಳು ಗಂಡನಿಗೆ, “ಎಷ್ಟು ಚೆನ್ನಾಗಿ ಮಾಡಿದೆ ರೀ ಆ ಮಗು, ಯಾರು ಹೇಳಿಕೊಟ್ರೋ,” ಎಂದಳು. ಗೋವಿಂದ ಕುರ್ಚಿಯ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದ. ಒಂದು ಕಾಲದಲ್ಲಿ ಇಂಥ ಸದ್ದಿಗಾಗಿ ಅವನು ರಾತ್ರಿಗಟ್ಟಲೆ ತಾಲೀಮು ಮಾಡಿದ್ದ.

ಶೇಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾನು ಹೋದ್ರೆ ನೀನು ಇಷ್ಟು ಅಳ್ತೀಯೇನೇ?” ಎಂದು ಮೊಮ್ಮಗಳ ಕಿವಿಯಲ್ಲಿ ಕೇಳಿದರು.

“ಅವತ್ತು ಅತ್ಬಿಟ್ಟೆ. ಇನ್ನು ಅಳಲ್ಲ ಅಜ್ಜಿ,” ಎಂದಳು ಕವನಾ. “ಅಳು ಬಂದ್ರೂ ತಡ್ಕೊಳ್ತೀನಿ. ಅತ್ರೆ ಎಲ್ರೂ ಚಪ್ಪಾಳೆ ತಟ್ತಾರೆ.”

ಆನಂದ್ ಇನ್ನೊಂದು ಚಿತ್ರಕ್ಕೆ ಕೇಳಿ ಫೋನ್ ಮಾಡಿದಾಗ ಗೋವಿಂದ ಬೇಡವೆಂದ. “ಯಾಕೆ ಸರ್, ಎಂಥ ಪ್ರತಿಭೆ!” ಎಂದು ಅವನು ಬಹಳ ಹೇಳಿದ. ಗೋವಿಂದ ಫೋನಿಟ್ಟು, ಬೇಡವೆಂದದ್ದನ್ನು ಸೀತಾಲಕ್ಷ್ಮಿಗೆ ಬಂದು ಹೇಳಿದ. ಅವಳು, “ಆಗಲೇ ಹೀಗೆ ಹೇಳಿದ್ರೆ,” ಎಂದು ಶುರುಮಾಡಿ, ಅರ್ಧಕ್ಕೆ ಬಿಟ್ಟು ಹಾಲು ಕಾಯಿಸಲು ಎದ್ದು ಹೋದಳು.

ಫೆಬ್ರವರಿಯಲ್ಲಿ ಶೇಷಮ್ಮನಿಗೆ ಊಟವಾದ ಮೇಲೆ ಹೊಟ್ಟೆ ಹಿಡಿದುಕೊಳ್ಳತೊಡಗಿತು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಬೇಕೆಂದರು. ಸಣ್ಣದು, ಭಯವಿಲ್ಲ ಎಂದು ಡಾಕ್ಟರು ಕವನಾಳ ಎದುರಿಗೇ ಹೇಳಿದ್ದರು. ಆಪರೇಷನ್ನಿನ ದಿನ ಅವಳು ಶಾಲೆಗೆ ಹೋಗಲು ಒಪ್ಪಲಿಲ್ಲ. ವಿಷ್ಣುವಿಗೆ ಪರೀಕ್ಷೆಯ ತಯಾರಿ, ಅವನು ಶಾಲೆಗೆ ಹೋದ. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಸೀತಾಲಕ್ಷ್ಮಿ ಗಂಜಿ ಮಾಡಿ ತರಲು ಮನೆಗೆ ಹೋದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು.

ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕವನಾ ಕುರ್ಚಿಯಲ್ಲಿ ಕೂರದೆ ಕಾರಿಡಾರಿನ ತುದಿಯ ಕಿಟಕಿಯ ಹತ್ತಿರ ನಿಂತಿದ್ದಳು. ಗೋವಿಂದ ಬಿಸ್ಕತ್ತು ತಂದುಕೊಟ್ಟ. “ಆಮೇಲೆ ತಿಂತೀನಿ,” ಎಂದು ಜೇಬಿಗೆ ಹಾಕಿಕೊಂಡಳು.

ಕೊನೆಗೂ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಪಿತ್ತಕೋಶ ಅಂಟಿಕೊಂಡಿತ್ತು, ಬಿಡಿಸಲು ಸ್ವಲ್ಪ ಕಷ್ಟವಾಯಿತು, ಈಗ ಏನೂ ತೊಂದರೆಯಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ವಾರ್ಡಿಗೆ ಕಳಿಸುತ್ತೇವೆ ಎಂದರು. ಗೋವಿಂದ ಕೈಮುಗಿದ. ಓಡುವಂತೆ ಕಿಟಕಿಯ ಹತ್ತಿರ ಬಂದು ಮಗಳ ಎದುರು ಬಗ್ಗಿದ.

“ಆಪರೇಷನ್ ಆಯ್ತು ಪುಟ್ಟಿ. ಅಜ್ಜಿ ಚೆನ್ನಾಗಿದಾರೆ. ಡಾಕ್ಟರ್ ಈಗ ಹೇಳಿದ್ರು.”

ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು. ಕವನಾ ಆ ಕಣ್ಣೀರನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

“ಅಳ್ತಿದೀಯಲ್ಲ?”

“ಸಂತೋಷಕ್ಕೆ ಕಣೇ. ಅಜ್ಜಿ ನಿಜವಾಗ್ಲೂ ಚೆನ್ನಾಗಿದಾರೆ.”

“ಅವತ್ತೂ ಅತ್ತಿದ್ದೆ ನೀನು.”

ಗೋವಿಂದ ಆತುರದಿಂದ ಕಣ್ಣೊರೆಸಿಕೊಂಡ. ನಗಲು ನೋಡಿದ. ನಗುವೂ ಸರಿಯಾಗಲಿಲ್ಲ. ಮುಖವನ್ನು ಹೇಗೆ ಇಟ್ಟುಕೊಂಡರೆ ಮಗಳು ನಂಬಿಯಾಳು ಎಂದು ಹುಡುಕಿದ. ಹಾಗೆ ಹುಡುಕುತ್ತಿರುವುದೇ ನಾಟಕ ಎಂದು ಅವನಿಗೇ ಅನ್ನಿಸಿತು.

ಕವನಾ ಅವನ ಪಕ್ಕದಿಂದ ದಾಟಿಕೊಂಡು ನರ್ಸುಗಳ ಮೇಜಿನ ಹತ್ತಿರ ನಡೆದಳು. ಮೇಜು ಎತ್ತರವಾಗಿತ್ತು. ತುದಿಗಾಲಲ್ಲಿ ನಿಂತಳು.

“ಸಿಸ್ಟರ್, ಶೇಷಮ್ಮ ಅಂತ, ನಮ್ಮಜ್ಜಿ. ಬದುಕಿದಾರಾ?”

“ಅಯ್ಯೋ, ಇದೆಂಥ ಮಾತು ಕಂದ! ಚೆನ್ನಾಗಿದಾರೆ. ಎಚ್ಚರಾನೂ ಆಗಿದೆ. ನಾನೇ ಈಗ ನೋಡ್ಕೊಂಡು ಬಂದೆ. ಯಾರ ಜೊತೆ ಬಂದಿದೀಯ ನೀನು? ಒಬ್ಬಳೇನಾ?”

ಕವನಾ ಹಿಂದೆ ತಿರುಗದೆ ಕೈ ಮಾತ್ರ ಆ ಕಡೆ ತೋರಿಸಿದಳು. “ನಮ್ಮಪ್ಪನ ಜೊತೆ.”

ಅಷ್ಟು ಹೇಳುವುದರೊಳಗೆ ಅವಳ ತುಟಿ ಅದುರಿತು. ನರ್ಸು ಮೇಜು ಸುತ್ತಿ ಬಂದು ಹೆಗಲು ಮುಟ್ಟಿದ್ದೇ ತಡ, ಆ ಗುರುತಿಲ್ಲದ ಹೆಂಗಸಿನ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗೋವಿಂದ ಬೇಗ ಬೇಗ ನಾಲ್ಕು ಹೆಜ್ಜೆ ಮುಂದೆ ಬಂದ. ಆಮೇಲೆ ನಿಂತುಕೊಂಡ. ಅವಳು ಅತ್ತು ಮುಗಿಸುವವರೆಗೂ ಅಲ್ಲೇ ನಿಂತಿದ್ದ.